ಲೈನ್ ಬಿಟ್ಟು ಲೋಕಲ್‌ಗೆ: ಬೇರೆ ರಾಜ್ಯದಿಂದ ಬೆಂಗಳೂರಿಗೆ ಬಂದ ಲಾರಿ ಡ್ರೈವರ್ ಕೆಲಸ ಹುಡುಕುವುದು ಹೇಗೆ?

ಹೋದ ವರ್ಷ ಶಿವರಾತ್ರಿ ಕಳೆದ ವಾರ ನಮ್ಮ ಮನೆಯ ಮಹಡಿಗೆ ಒಂದು ಸಂಸಾರ ಬಾಡಿಗೆಗೆ ಬಂತು. ನಾವಿರುವುದು ಲಗ್ಗೆರೆಯಲ್ಲಿ. ಅವರ ಊರು ಅಕ್ಕಲಕೋಟೆ ಪಕ್ಕ. ಲೆಕ್ಕಕ್ಕೆ ಮಹಾರಾಷ್ಟ್ರ, ಮನೆಮಾತು ಕನ್ನಡ. ಆತ 11 ವರ್ಷ ಸೊಲ್ಲಾಪುರದಿಂದ ಲಾರಿ ಓಡಿಸಿದವರು. ಅಹಮದಾಬಾದ್, ಚೆನ್ನೈ, ವಿಜಯವಾಡ ಅಂತ ತಿಂಗಳಲ್ಲಿ 20 ದಿನ ರೋಡಿನಲ್ಲೇ. ಮಗಳು ಒಂದನೇ ಕ್ಲಾಸಿಗೆ ಸೇರುವ ಹೊತ್ತಿಗಾದರೂ ದಿನಾ ಮನೆಗೆ ಬರುವ ಕೆಲಸ ಹಿಡಿಯಬೇಕು ಅಂತ ಬೆಂಗಳೂರಿಗೆ ಬಂದರು. "ಲೈಸೆನ್ಸ್ ಐತಿ, ಕೈ ಚೊಲೋ ಐತಿ, ವಾರದಾಗ ಕೆಲಸ ಸಿಗ್ತದ" ಅಂದಿದ್ದರು. ತಿಂಗಳಾದರೂ ಸಿಗಲಿಲ್ಲ.

ಅವರ ಜತೆ ಎಷ್ಟೋ ಕಡೆ ನಾನೂ ಸುತ್ತಿದೆ. ಡ್ರೈವರ್ ಬೇಕು ಅಂತ ಬೋರ್ಡ್ ಹಾಕಿದವರೇ ಇವರನ್ನು ವಾಪಸ್ ಕಳಿಸುತ್ತಿದ್ದರು. ಯಾಕೆ ಅನ್ನುವುದು ಅರ್ಥವಾಗಲು ಸ್ವಲ್ಪ ದಿನ ಬೇಕಾಯಿತು. ಜತ್ತ, ಕಾಸರಗೋಡು, ತಾಳವಾಡಿ, ಅದವಾನಿ ಕಡೆಯಿಂದ ಬರುವ ಕನ್ನಡದವರು, ಮುಂಬೈ ಗೋವಾದಲ್ಲಿ ವರ್ಷಗಟ್ಟಲೆ ದುಡಿದು ವಾಪಸ್ ಬರುತ್ತಿರುವ ನಮ್ಮವರು, ಎಲ್ಲರಿಗೂ ಇದೇ ಗೋಡೆ ಎದುರಾಗುತ್ತದೆ. ಅದಕ್ಕೇ ತಿಳಿದಷ್ಟನ್ನು ಮೊದಲಿನಿಂದ ಬರೆಯುತ್ತಿದ್ದೇನೆ.

ಲೋಕಲ್ ಅಂದರೆ ಏನು?

ಲಾರಿ ಕೆಲಸದಲ್ಲಿ ಎರಡು ದೊಡ್ಡ ಬಗೆ. ಒಂದು ಲೈನ್. ಒಂದು ಊರಿನಲ್ಲಿ ಲೋಡ್ ಮಾಡಿ, ಎರಡು ಮೂರು ದಿನ ಓಡಿಸಿ, ಇನ್ನೊಂದು ರಾಜ್ಯದಲ್ಲಿ ಇಳಿಸಿ, ವಾಪಸ್ ಲೋಡ್ ಸಿಗುವವರೆಗೆ ಅಲ್ಲೇ ಕಾಯುವುದು. ಇನ್ನೊಂದು ಲೋಕಲ್. ಊರಿನ ಒಳಗೆ, ಇಲ್ಲವೇ ಊರ ಸುತ್ತ ಹೋಗಿ ಅದೇ ದಿನ ವಾಪಸ್ ಬರುವುದು. ರಾತ್ರಿ ಬಸ್ಸಿಗೂ ಸಿಟಿ ಬಸ್ಸಿಗೂ ಇರುವ ವ್ಯತ್ಯಾಸದ ಹಾಗೆ. ಎರಡನ್ನೂ ಓಡಿಸುವವರು ಡ್ರೈವರೇ, ಆದರೆ ದಿನ ಕಳೆಯುವ ರೀತಿ ಬೇರೆ.

ಲೈನ್‌ನಲ್ಲಿ ಕಷ್ಟ ಅಂದರೆ ದೂರ, ನಿದ್ದೆ, ಒಂಟಿತನ. ಲೋಕಲ್‌ನಲ್ಲಿ ಟ್ರಾಫಿಕ್ಕು, ಇಕ್ಕಟ್ಟು ರಸ್ತೆ, ದಿನಕ್ಕೆ ಐದಾರು ಕಡೆ ಲೋಡ್ ಇಳಿಸುವುದು, ಪ್ರತಿ ಗೇಟಿನಲ್ಲೂ ಕಾಯುವುದು. ಮನೆಗೆ ಬರುತ್ತೀರಿ ನಿಜ. ಆದರೆ ಹಗಲಿನಲ್ಲೇ ಕೆಲಸ, ರಾತ್ರಿ ಮನೆ ಅಂದುಕೊಂಡರೆ ತಪ್ಪು. ಬೆಂಗಳೂರಿನಲ್ಲಿ ಲೋಕಲ್ ಕೆಲಸದ ದೊಡ್ಡ ಪಾಲು ನಡೆಯುವುದು ರಾತ್ರಿ ಮತ್ತು ಬೆಳಗಿನ ಜಾವ. ಅದಕ್ಕೆ ಕಾರಣ ಮುಂದೆ ಹೇಳುತ್ತೇನೆ.

ಬೇರೆ ರಾಜ್ಯದ ಲೈಸೆನ್ಸ್ ಇಲ್ಲಿ ನಡೆಯುತ್ತದಾ?

ನಡೆಯುತ್ತದೆ. 1988ರ ಮೋಟಾರು ವಾಹನ ಕಾಯ್ದೆ ಪ್ರಕಾರ ಯಾವ ರಾಜ್ಯದಲ್ಲಿ ಮಾಡಿಸಿದ ಲೈಸೆನ್ಸ್ ಆದರೂ ಇಡೀ ದೇಶಕ್ಕೆ ಲೆಕ್ಕ. ನಮ್ಮ ಮಹಡಿಯವರ ಲೈಸೆನ್ಸ್ ನಂಬರ್ ಶುರುವಾಗುವುದು ಎಂಎಚ್ 13 ಅಂತ, ಅಂದರೆ ಸೊಲ್ಲಾಪುರ. ಅದನ್ನು ಹಿಡಿದುಕೊಂಡು ಪೀಣ್ಯದಲ್ಲಿ ಗಾಡಿ ಓಡಿಸುವುದಕ್ಕೆ ಕಾನೂನಿನ ಅಡ್ಡಿ ಏನೂ ಇಲ್ಲ. ಹೊಸದಾಗಿ ಟೆಸ್ಟ್ ಕೊಡಬೇಕು, ಕೆಎ ಲೈಸೆನ್ಸೇ ಆಗಬೇಕು ಅಂತ ಯಾರಾದರೂ ಏಜೆಂಟ್ ಹೇಳಿದರೆ ದುಡ್ಡು ಕೊಡಬೇಡಿ.

ರಿನೀವಲ್ ಮಾಡಿಸಲೂ ಹಳೇ ಊರಿಗೆ ಓಡಬೇಕಿಲ್ಲ. ಲೈಸೆನ್ಸ್ ಕೊಟ್ಟ ಆಫೀಸೇ ಅದನ್ನು ಮುಂದುವರಿಸಬೇಕು ಅಂತ ಕಾಯ್ದೆಯಲ್ಲಿಲ್ಲ. ಸಾರಿಗೆ ವಾಹನದ, ಅಂದರೆ ಟ್ರಾನ್ಸ್‌ಪೋರ್ಟ್ ಲೈಸೆನ್ಸ್ ಈಗ ಐದು ವರ್ಷಕ್ಕೊಮ್ಮೆ ರಿನೀವಲ್ ಆಗುತ್ತದೆ. 2019ರ ತಿದ್ದುಪಡಿಗೆ ಮುಂಚೆ ಅದು ಮೂರು ವರ್ಷಕ್ಕೊಮ್ಮೆ ಇತ್ತು. ಡಾಕ್ಟರ್ ಕೈಲಿ ಫಾರ್ಮ್ 1ಎ ಮೆಡಿಕಲ್ ಸರ್ಟಿಫಿಕೇಟ್ ಮಾಡಿಸಬೇಕು. ಅವಧಿ ಮುಗಿದು ಒಂದು ವರ್ಷ ದಾಟಿತೋ, ಮತ್ತೆ ಡ್ರೈವಿಂಗ್ ಟೆಸ್ಟ್ ಕೊಡಬೇಕಾಗುತ್ತದೆ. ಊರು ಬಿಡುವ ಗಡಿಬಿಡಿಯಲ್ಲಿ ತಾರೀಖು ಮರೆಯುವವರು ಜಾಸ್ತಿ. ಮೊದಲು ಅದನ್ನೊಮ್ಮೆ ನೋಡಿಕೊಳ್ಳಿ.

ಇನ್ನೊಂದು ಮುಖ್ಯ ವಿಷಯ. ನಿಮ್ಮ ಲೈಸೆನ್ಸ್ ಸಾರಥಿ ಪೋರ್ಟಲ್‌ನಲ್ಲಿ ಕಾಣಿಸುತ್ತದಾ ಅಂತ ನೋಡಿ. ಸಾರಥಿ ಅಂದರೆ ದೇಶದ ಲೈಸೆನ್ಸ್‌ಗಳ ದಾಖಲೆ ಇರುವ ಸರ್ಕಾರಿ ವೆಬ್‌ಸೈಟ್. ಲೈಸೆನ್ಸ್ ನಂಬರ್, ಹುಟ್ಟಿದ ತಾರೀಖು ಹಾಕಿದರೆ ವಿವರ ಬರುತ್ತದೆ. ಓನರ್‌ಗಳು, ಕಂಪನಿಯವರು ನಿಮ್ಮ ಕಣ್ಣೆದುರೇ ಫೋನಿನಲ್ಲಿ ತೆಗೆದು ನೋಡುತ್ತಾರೆ. ಹಳೇ ಪುಸ್ತಕದ ಲೈಸೆನ್ಸ್ ಆಗಿದ್ದು ಕಂಪ್ಯೂಟರಿಗೆ ಸೇರಿಸದೇ ಬಿಟ್ಟಿದ್ದರೆ ಏನೂ ಬರುವುದಿಲ್ಲ. ಅದನ್ನು ಸೇರಿಸಬೇಕಾದವರು ಲೈಸೆನ್ಸ್ ಕೊಟ್ಟ ಆರ್‌ಟಿಓದವರೇ. ಇದೊಂದು ಕೆಲಸವನ್ನು ಊರು ಬಿಡುವ ಮುಂಚೆಯೇ ಮುಗಿಸಿ.

ವಿಳಾಸ ಬದಲಾವಣೆಗೂ ಸಾರಥಿಯಲ್ಲೇ ಅರ್ಜಿ ಹಾಕಬಹುದು. ಪೀಣ್ಯ, ದಾಸರಹಳ್ಳಿ ಕಡೆಯವರಿಗೆ ಯಶವಂತಪುರದ ಕೆಎ 04, ಎಲೆಕ್ಟ್ರಾನಿಕ್ ಸಿಟಿಯವರಿಗೆ ಕೆಎ 51, ಕೆ.ಆರ್. ಪುರದವರಿಗೆ ಕೆಎ 53, ನೆಲಮಂಗಲದವರಿಗೆ ಕೆಎ 52, ಹೀಗೆ ಆಯಾ ಕಡೆಗೆ ಆಯಾ ಆಫೀಸು. ವಿಳಾಸ ಬೆಂಗಳೂರಿನದಾಗಿದ್ದರೆ ಕೆಲಸ ಕೇಳಲು ಹೋದಾಗ ಮಾತು ಸಲೀಸಾಗುತ್ತದೆ.

7,500 ಕೆಜಿ ಅನ್ನುವ ಗೆರೆ

ಯಾವ ಲೈಸೆನ್ಸಿನಲ್ಲಿ ಯಾವ ಗಾಡಿ ಓಡಿಸಬಹುದು ಅನ್ನುವುದು ಗ್ರಾಸ್ ವೆಹಿಕಲ್ ವೇಟ್ ಮೇಲೆ ನಿಂತಿದೆ. ಜಿವಿಡಬ್ಲ್ಯೂ ಅಂತ ಆರ್‌ಸಿಯಲ್ಲಿ, ಅಂದರೆ ಗಾಡಿಯ ನೋಂದಣಿ ಪತ್ರದಲ್ಲಿ ಇರುತ್ತದೆ. ಖಾಲಿ ಬಿಂದಿಗೆಯ ತೂಕ ಅಲ್ಲ, ಕಂಠದವರೆಗೆ ನೀರು ತುಂಬಿದ ಬಿಂದಿಗೆಯ ತೂಕ ಅಂದುಕೊಳ್ಳಿ. ಗಾಡಿಯ ತೂಕಕ್ಕೆ ಅದು ಹೊರಬಹುದಾದ ಗರಿಷ್ಠ ಸರಕಿನ ತೂಕ ಸೇರಿಸಿದರೆ ಬರುವ ಲೆಕ್ಕ ಅದು.

ಅದು 7,500 ಕೆಜಿಯವರೆಗಿದ್ದರೆ ಲಘು ವಾಹನ. 7,500 ದಾಟಿ 12,000 ಒಳಗಿದ್ದರೆ ಮಧ್ಯಮ. 12,000 ದಾಟಿದರೆ ಭಾರಿ. ಟಾಟಾ ಏಸ್, ಬೊಲೆರೊ ಪಿಕಪ್, ದೋಸ್ತ್, 407, ಇವೆಲ್ಲ ಲಘು ವಾಹನಗಳೇ. 14 ಅಡಿ ಕ್ಯಾಂಟರ್ ಸಾಮಾನ್ಯವಾಗಿ ಗೆರೆಯ ಒಳಗಿರುತ್ತದೆ. 17, 19 ಅಡಿಯವು ದಾಟುವುದೂ ಉಂಟು. ಹಾಗಾಗಿ ಉದ್ದ ನೋಡಿ ಹೇಳಬೇಡಿ, ಆರ್‌ಸಿ ನೋಡಿ. 10 ಚಕ್ರದ ಟಿಪ್ಪರ್, ಕಾಂಕ್ರೀಟ್ ಮಿಕ್ಸರ್, ಟ್ರೇಲರ್ ಎಲ್ಲ ಭಾರಿ ವಾಹನಗಳು.

ಇದರ ಬಗ್ಗೆ ಇದ್ದ ದೊಡ್ಡ ಗೊಂದಲ 2024ರ ನವೆಂಬರ್ 6ರಂದು ತೀರಿತು. ಸುಪ್ರೀಂ ಕೋರ್ಟ್‌ನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಅಂದು ಒಂದು ತೀರ್ಪು ಕೊಟ್ಟಿತು. 7,500 ಕೆಜಿ ಒಳಗಿನ ಸಾಗಣೆ ವಾಹನ ಓಡಿಸಲು ಎಲ್‌ಎಂವಿ (ಲಘು ವಾಹನ) ಲೈಸೆನ್ಸ್ ಸಾಕು, ಬೇರೆ ಟ್ರಾನ್ಸ್‌ಪೋರ್ಟ್ ನಮೂದು ಬೇಡ ಅಂತ. ಅಂದರೆ ಕಾರಿನ ಲೈಸೆನ್ಸ್ ಇರುವವರು ಏಸ್, ಪಿಕಪ್ ಓಡಿಸಬಹುದು. ಆದರೂ ಎಷ್ಟೋ ಕಂಪನಿಗಳು ಟ್ರಾನ್ಸ್‌ಪೋರ್ಟ್ ಲೈಸೆನ್ಸೇ ಕೇಳುತ್ತವೆ. ಅದು ಅವರ ನಿಯಮ. ಭಾರಿ ಗಾಡಿಗಂತೂ ಟ್ರಾನ್ಸ್‌ಪೋರ್ಟ್ ಬೇಕೇ ಬೇಕು. ಅದನ್ನು ಮಾಡಿಸಲು ವಯಸ್ಸು 20 ತುಂಬಿರಬೇಕು, ಎಲ್‌ಎಂವಿ ಲೈಸೆನ್ಸ್ ಸಿಕ್ಕಿ ಒಂದು ವರ್ಷ ಆಗಿರಬೇಕು. 8ನೇ ಕ್ಲಾಸ್ ಪಾಸಾಗಿರಬೇಕು ಅನ್ನುವ ನಿಯಮ 2019ರಲ್ಲೇ ಹೋಯಿತು. ಓದಿಲ್ಲ ಅಂತ ಹಿಂಜರಿಯುವವರಿಗೆ ಇದು ಗೊತ್ತಿರಲಿ.

ಪೆಟ್ರೋಲ್, ಗ್ಯಾಸ್, ಕೆಮಿಕಲ್ ಟ್ಯಾಂಕರ್‌ಗೆ ಬೇರೆ ಲೆಕ್ಕ. ಅಪಾಯಕಾರಿ ಸರಕು ಸಾಗಿಸುವ ತರಬೇತಿ ಮುಗಿಸಿ, ಅದನ್ನು ಲೈಸೆನ್ಸಿನಲ್ಲಿ ಹಾಕಿಸಿಕೊಳ್ಳಬೇಕು. ಆ ಲೈಸೆನ್ಸಿನ ಅವಧಿ ಮೂರೇ ವರ್ಷ. ಹೊಸಕೋಟೆ ಹತ್ತಿರ ದೇವನಗೊಂತಿಯ ತೈಲ ಡಿಪೋಗಳಲ್ಲಿ ಟ್ಯಾಂಕರ್ ಕೆಲಸ ಹುಡುಕುವವರು ಇದಿಲ್ಲದೆ ಗೇಟಿನ ಒಳಗೂ ಹೋಗಲಾಗುವುದಿಲ್ಲ.

ಹಾಗಿದ್ದರೆ ಓನರ್ ಯಾಕೆ ಹಿಂದೆಮುಂದೆ ನೋಡುತ್ತಾರೆ?

ನಮಗೆ ಮೊದಲು ಅರ್ಥವಾಗದೇ ಇದ್ದದ್ದು ಇದೇ. ಲೈಸೆನ್ಸ್ ಸರಿ ಇದೆ, ಅನುಭವ ಇದೆ, ಕನ್ನಡವೂ ಬರುತ್ತದೆ. ಆದರೂ "ನೋಡೋಣ, ಫೋನ್ ಮಾಡ್ತೀವಿ" ಅನ್ನುತ್ತಿದ್ದರು. ಫೋನ್ ಬರುತ್ತಿರಲಿಲ್ಲ.

ಓನರ್ ಜಾಗದಲ್ಲಿ ನಿಂತು ಯೋಚಿಸಿ. ಸಾಲ ಮಾಡಿ ತಂದ ಗಾಡಿ, ಕಂತು ಇನ್ನೂ ನಡೆಯುತ್ತಿದೆ. ಒಳಗೆ ಇನ್ನೊಬ್ಬರ ಸರಕು, ಅದರ ಬೆಲೆ ಗಾಡಿಗಿಂತ ಹೆಚ್ಚಿರಬಹುದು. ಕೀ ಕೈಗೆ ಕೊಟ್ಟರೆ ಎಲ್ಲವನ್ನೂ ಕೊಟ್ಟ ಹಾಗೆ. ಆಕ್ಸಿಡೆಂಟ್ ಆಗಿ, ಡ್ರೈವರ್‌ಗೆ ಆ ಗಾಡಿಗೆ ತಕ್ಕ ಲೈಸೆನ್ಸ್ ಇರಲಿಲ್ಲ ಅಂತ ಗೊತ್ತಾದರೆ, ಇನ್ಶೂರೆನ್ಸ್ ಕಂಪನಿ ಪೆಟ್ಟಾದವರಿಗೆ ಕೊಟ್ಟ ಪರಿಹಾರವನ್ನು ಓನರ್ ಕೈಯಿಂದಲೇ ವಸೂಲಿ ಮಾಡಬಹುದು. ಒಂದು ಗಾಡಿ ಇಟ್ಟುಕೊಂಡವರಿಗೆ ಅಷ್ಟರಲ್ಲಿ ಜೀವನವೇ ಮುಗಿಯಿತು. ಹೀಗಾಗಿ ಅವರು ಹುಡುಕುವುದು "ಗೊತ್ತಿರುವ" ಡ್ರೈವರನ್ನು. ಸೊಲ್ಲಾಪುರದಲ್ಲಿ ನಮ್ಮ ಮಹಡಿಯವರನ್ನು ಗೊತ್ತಿಲ್ಲದ ಟ್ರಾನ್ಸ್‌ಪೋರ್ಟ್ ಆಫೀಸೇ ಇರಲಿಲ್ಲ. ಇಲ್ಲಿ ಅವರು ಯಾರೋ ಒಬ್ಬರು. ಗಡಿ ದಾಟಿದಾಗ ಲೈಸೆನ್ಸ್ ಜತೆಗೆ ಬಂತು, ಆ ಪರಿಚಯ ಬರಲಿಲ್ಲ.

ಹಾಗಾಗಿ ಕೆಲಸ ಹುಡುಕುವುದು ಅಂದರೆ ಅರ್ಧ ಪಾಲು ಆ ಪರಿಚಯವನ್ನು ಮತ್ತೆ ಕಟ್ಟುವುದು. ಅದಕ್ಕೆ ಸಹಾಯ ಮಾಡುವ ಕೆಲವು ಕಾಗದಗಳಿವೆ. ಬಾಡಿಗೆ ಅಗ್ರಿಮೆಂಟ್ ಸ್ಟಾಂಪ್ ಪೇಪರ್ ಮೇಲೆ ಇರಲಿ. ಸೇವಾ ಸಿಂಧು ಪೋರ್ಟಲ್ ಮೂಲಕ ಪೊಲೀಸ್ ವೆರಿಫಿಕೇಶನ್ ಸರ್ಟಿಫಿಕೇಟ್‌ಗೆ ಅರ್ಜಿ ಹಾಕಿ, ಅದೊಂದು ಕೈಯಲ್ಲಿದ್ದರೆ ಅರ್ಧ ಪ್ರಶ್ನೆ ಕಡಿಮೆ ಆಗುತ್ತದೆ. ಹಳೇ ಓನರ್ ಹತ್ತಿರ ಲೆಟರ್‌ಹೆಡ್‌ನಲ್ಲಿ ಒಂದು ಪತ್ರ ಬರೆಸಿಕೊಳ್ಳಿ: ಎಷ್ಟು ವರ್ಷ, ಯಾವ ಗಾಡಿ, ಫೋನ್ ಮಾಡಿದರೆ ಹೇಳುತ್ತೇನೆ ಅಂತ. ಇಲ್ಲಿನ ಓನರ್ ನಿಜವಾಗಿಯೂ ಫೋನ್ ಮಾಡುತ್ತಾರೆ. ಬೆಂಗಳೂರಿನಲ್ಲಿ ಸ್ವಂತ ಮನೆಯೋ ಅಂಗಡಿಯೋ ಇರುವ ಒಬ್ಬರು "ಇವರು ನಮಗೆ ಗೊತ್ತು" ಅಂದರೆ ಅದಕ್ಕೆ ಇನ್ನೂ ಹೆಚ್ಚು ಬೆಲೆ.

ಒಂದು ಎಚ್ಚರಿಕೆ. ಮೊದಲು ಸಿಕ್ಕ ಒಬ್ಬ ಓನರ್ ನಂಬಿಕೆಗೆ ಅಂತ ನಮ್ಮ ಮಹಡಿಯವರ ಒರಿಜಿನಲ್ ಲೈಸೆನ್ಸನ್ನೇ ಇಟ್ಟುಕೊಂಡರು. ನಾಲ್ಕು ದಿನ ಕೆಲಸ ಮಾಡಿಸಿ, ಸಂಬಳ ಕೊಡದೆ ಓಡಾಡಿಸಿದರು. ಕಾರ್ಡ್ ವಾಪಸ್ ಸಿಗಲು ಎರಡು ವಾರ ಹೋಯಿತು. ಒರಿಜಿನಲ್ ಯಾರಿಗೂ ಕೊಡಬೇಡಿ. ಜೆರಾಕ್ಸ್ ಮೇಲೆ ಸಹಿ ಹಾಕಿ, ತಾರೀಖು ಬರೆದು ಕೊಡಿ. ಡಿಜಿಲಾಕರ್‌ನಲ್ಲಿ ಇರುವ ಲೈಸೆನ್ಸ್ ಕೂಡ ಪೊಲೀಸರ ಎದುರು ನಡೆಯುತ್ತದೆ, ಅದನ್ನೂ ಫೋನಿಗೆ ಹಾಕಿಸಿಕೊಂಡಿರಿ.

ಯಾವ ದಿಕ್ಕಿನಲ್ಲಿ ಯಾವ ಸರಕು?

ಹೊಸಬರು ಮಾಡುವ ದೊಡ್ಡ ತಪ್ಪು ಊರೆಲ್ಲ ಸುತ್ತುವುದು. ಬೆಂಗಳೂರಿನ ಒಂದೊಂದು ದಿಕ್ಕಿಗೂ ಒಂದೊಂದು ಸರಕು. ಮನೆ ಎಲ್ಲಿದೆ, ಯಾವ ಗಾಡಿ ಕೈಗೆ ಹೊಂದುತ್ತದೆ ನೋಡಿ ಒಂದು ದಿಕ್ಕು ಆರಿಸಿಕೊಂಡು ಅಲ್ಲೇ ಮುಖ ಪರಿಚಯ ಮಾಡಿಕೊಳ್ಳುವುದು ಒಳ್ಳೆಯದು.

ತುಮಕೂರು ರಸ್ತೆ ಎಲ್ಲಕ್ಕಿಂತ ದೊಡ್ಡದು. ಯಶವಂತಪುರದ ಎಪಿಎಂಸಿ ಯಾರ್ಡ್, ಅದರ ಹತ್ತಿರ ದೇವರಾಜ ಅರಸು ಟ್ರಕ್ ಟರ್ಮಿನಲ್, ಮುಂದೆ ಪೀಣ್ಯ, ದಾಸನಪುರ ಮಾರುಕಟ್ಟೆ, ಮಾಕಳಿ, ನೆಲಮಂಗಲ, ದಾಬಸ್‌ಪೇಟೆ. ಮುಂಬೈ, ಪುಣೆ ಕಡೆಯ ಲೈನ್ ಲಾರಿಗಳೆಲ್ಲ ಬಂದು ಸೇರುವುದು ಇಲ್ಲೇ. ಪೀಣ್ಯದಲ್ಲಿ ಸಾವಿರಾರು ಸಣ್ಣ ಫ್ಯಾಕ್ಟರಿಗಳಿವೆ. ಒಬ್ಬರ ಹತ್ತಿರ ಕಬ್ಬಿಣ ಕತ್ತರಿಸಿ, ಇನ್ನೊಬ್ಬರ ಹತ್ತಿರ ಕೊರೆದು, ಮೂರನೆಯವರ ಹತ್ತಿರ ಬಣ್ಣ ಹಾಕಿಸುತ್ತಾರೆ. ನಡುವೆ ಸಾಗಿಸುವುದಕ್ಕೆ ಏಸ್, 407, ಕ್ಯಾಂಟರ್ ದಿನವಿಡೀ ಓಡುತ್ತಲೇ ಇರುತ್ತವೆ. ನೆಲಮಂಗಲದಿಂದ ಆಚೆ ದೊಡ್ಡ ಗೋಡೌನ್‌ಗಳು. ಲಾರಿಗಳಲ್ಲಿ ಬಂದ ಸರಕನ್ನು ಅಲ್ಲಿ ಒಡೆದು ಸಣ್ಣ ಗಾಡಿಗಳಿಗೆ ತುಂಬಿ ಊರೊಳಗೆ ಕಳಿಸುತ್ತಾರೆ. ಸಗಟು ಅಂಗಡಿಯಲ್ಲಿ ಮೂಟೆ ಬಿಚ್ಚಿ ಚೀಲಕ್ಕೆ ತುಂಬುವ ಹಾಗೆ. ಆ ಚೀಲ ಮುಟ್ಟಿಸುವ ಕೆಲಸವೇ ಲೋಕಲ್ ಡ್ರೈವರ್‌ದು.

ಪೇಟೆ ಕಡೆ ಬಂದರೆ ಕಲಾಸಿಪಾಳ್ಯ, ತರಗುಪೇಟೆ, ಕೆ.ಆರ್. ಮಾರ್ಕೆಟ್, ಚಾಮರಾಜಪೇಟೆ. ಪಾರ್ಸೆಲ್ ಆಫೀಸು, ಲಾರಿ ಏಜೆಂಟರು, ದಿನಸಿ ಸಗಟು ಅಂಗಡಿಗಳು. ರಸ್ತೆ ಕಿರಿದು, ಸಣ್ಣ ಗಾಡಿಯದೇ ರಾಜ್ಯ.

ಹೊಸೂರು ರಸ್ತೆಯಲ್ಲಿ ಬೊಮ್ಮಸಂದ್ರ, ಜಿಗಣಿ, ಅತ್ತಿಬೆಲೆ. ಎಲ್ಲ ಫ್ಯಾಕ್ಟರಿ ಸರಕು. ಗಡಿ ದಾಟಿದರೆ ಹೊಸೂರು, ಅದು ತಮಿಳುನಾಡು. ಇಲ್ಲಿ ಕೆಲಸಕ್ಕೆ ಸೇರುವವರು ಗಾಡಿಗೆ ಯಾವ ಪರ್ಮಿಟ್ ಇದೆ ಅಂತ ಕೇಳಲೇಬೇಕು. ಜಿವಿಡಬ್ಲ್ಯೂ 3,000 ಕೆಜಿ ಒಳಗಿನ ಗಾಡಿಗೆ ಪರ್ಮಿಟ್ ಬೇಡ. ಅದಕ್ಕಿಂತ ದೊಡ್ಡದಾಗಿದ್ದು, ಕರ್ನಾಟಕದ ಪರ್ಮಿಟ್ ಮಾತ್ರ ಇದ್ದರೆ, "ಇಲ್ಲೇ ಪಕ್ಕದಲ್ಲಿ ಹೊಸೂರು" ಅಂತ ಕಳಿಸಿದರೆ ಸಿಕ್ಕಿಬೀಳುವುದು ಸ್ಟೀರಿಂಗ್ ಹಿಡಿದವರು.

ಪೂರ್ವಕ್ಕೆ ವೈಟ್‌ಫೀಲ್ಡಿನ ಕಂಟೇನರ್ ಡಿಪೋ, ಹೊಸಕೋಟೆ, ಮಾಲೂರು, ನರಸಾಪುರ. ಕಂಟೇನರ್ ಟ್ರೇಲರ್ ಓಡಿಸಿದ ಅನುಭವ ಇರುವವರಿಗೆ ಇದು ಜಾಗ. ಉತ್ತರಕ್ಕೆ ದೇವನಹಳ್ಳಿಯಲ್ಲಿ ಏರ್‌ಪೋರ್ಟ್ ಕಾರ್ಗೋ, ದೊಡ್ಡಬಳ್ಳಾಪುರದಲ್ಲಿ ಗಾರ್ಮೆಂಟ್ಸ್. ಮೈಸೂರು ರಸ್ತೆಯಲ್ಲಿ ಕುಂಬಳಗೋಡು, ಬಿಡದಿ. ಇನ್ನು ಟಿಪ್ಪರ್, ಕಾಂಕ್ರೀಟ್ ಮಿಕ್ಸರ್, ನೀರಿನ ಟ್ಯಾಂಕರ್ ಇವಕ್ಕೆ ದಿಕ್ಕಿಲ್ಲ, ಕಟ್ಟಡ ಏಳುವ ಕಡೆಯಲ್ಲೆಲ್ಲ ಇರುತ್ತವೆ.

ಒಂದೊಂದು ಸರಕಿಗೆ ಒಂದೊಂದು ಹೊತ್ತು

ಬೆಳಿಗ್ಗೆ ಮತ್ತು ಸಂಜೆ ಜನ ಆಫೀಸಿಗೆ ಓಡಾಡುವ ಹೊತ್ತಿನಲ್ಲಿ ದೊಡ್ಡ ಸರಕು ವಾಹನಗಳನ್ನು ಊರೊಳಗೆ ಬಿಡುವುದಿಲ್ಲ. ಡ್ರೈವರ್‌ಗಳು ಇದಕ್ಕೆ "ನೋ ಎಂಟ್ರಿ ಟೈಮು" ಅನ್ನುತ್ತಾರೆ. ಗಂಟೆಗಳನ್ನು ಟ್ರಾಫಿಕ್ ಪೊಲೀಸರು ಆಗಾಗ ಬದಲಿಸುತ್ತಾರೆ, ರಸ್ತೆಯಿಂದ ರಸ್ತೆಗೂ ವ್ಯತ್ಯಾಸ ಇರುತ್ತದೆ. ಆಯಾ ಜಂಕ್ಷನ್ ಬೋರ್ಡ್ ನೋಡಿಕೊಳ್ಳಬೇಕು. ದೊಡ್ಡ ಗಾಡಿಯವರು ಈ ಹೊತ್ತಿನಲ್ಲಿ ಊರ ಹೊರಗೆ ಸಾಲಾಗಿ ನಿಂತು ಕಾಯುತ್ತಾರೆ. ಹಾಗಾಗಿ ಕೆಲಸವೆಲ್ಲ ರಾತ್ರಿಗೆ, ಬೆಳಗಿನ ಜಾವಕ್ಕೆ ಜರುಗುತ್ತದೆ.

ಇದರ ಮೇಲೆ ಸರಕಿಗೂ ತನ್ನದೇ ಗಡಿಯಾರ. ತರಕಾರಿ, ಹೂವು ನಡುರಾತ್ರಿಯಿಂದ ಬೆಳಗಿನವರೆಗೆ. ಹಾಲಿನ ಗಾಡಿ ಜನ ಏಳುವ ಮುಂಚೆ ಬೂತಿಗೆ ಮುಟ್ಟಬೇಕು. ಪಾರ್ಸೆಲ್ ಲೈನ್ ಗಾಡಿ ಬೆಳಗಿನ ಜಾವ ಬರುತ್ತದೆ, ಹಂಚುವ ಕೆಲಸ ಅಲ್ಲಿಂದ ಶುರು. ಕಾಂಕ್ರೀಟ್ ಕಲಸಿದ ಎರಡು ಗಂಟೆಯ ಆಸುಪಾಸಿನಲ್ಲಿ ಸುರಿಯದಿದ್ದರೆ ಗಟ್ಟಿಯಾಗುತ್ತದೆ, ಹಾಗಾಗಿ ಮಿಕ್ಸರ್ ಡ್ರೈವರ್‌ಗೆ ಟ್ರಾಫಿಕ್ ಅಂದರೆ ತಲೆಬಿಸಿ, ರಾತ್ರಿ ಪಾಳಿ ಮಾಮೂಲು. ಫ್ಯಾಕ್ಟರಿ ಸರಕು ಮಾತ್ರ ಹೆಚ್ಚಾಗಿ ಹಗಲಿನದು. ನೀರಿನ ಟ್ಯಾಂಕರ್‌ಗೆ ಬೇಸಿಗೆಯೇ ಸುಗ್ಗಿ. 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿ, ಟ್ಯಾಂಕರ್ ದರಕ್ಕೆ ಸರ್ಕಾರವೇ ಮಿತಿ ಹಾಕಬೇಕಾಗಿ ಬಂದದ್ದು ನೆನಪಿರಬಹುದು. ಮಳೆ ಬಿದ್ದ ಮೇಲೆ ಆ ಕೆಲಸ ಇಳಿಯುತ್ತದೆ.

ಮನೆ ಹುಡುಕುವಾಗಲೂ ಇದನ್ನು ಲೆಕ್ಕ ಹಾಕಿ. ಬೆಳಗಿನ ಜಾವ 3ಕ್ಕೆ ಡ್ಯೂಟಿ ಅಂದರೆ ಮೆಟ್ರೊ ಇರುವುದಿಲ್ಲ, ಬಸ್ಸೂ ಇಲ್ಲ ಅನ್ನುವಷ್ಟು ಕಡಿಮೆ. ವಾಪಸ್ ಬರುವಾಗ ಮೆಟ್ರೊ ಸಿಗುತ್ತದೆ. ತುಮಕೂರು ರಸ್ತೆಯ ಹಸಿರು ಲೈನ್ 2024ರ ನವೆಂಬರ್‌ನಿಂದ ಮಾದಾವರದವರೆಗೆ ಇದೆ. ಗಾಡಿ ನಿಲ್ಲಿಸುವ ಜಾಗದಿಂದ ಸೈಕಲ್‌ನಲ್ಲೋ ಬೈಕ್‌ನಲ್ಲೋ ಹೋಗುವಷ್ಟು ದೂರದಲ್ಲಿ ಮನೆ ಇದ್ದರೆ ನಿದ್ದೆ ಉಳಿಯುತ್ತದೆ.

ಆಕ್ಟಿಂಗ್: ಒಳಗೆ ಹೋಗುವ ಬಾಗಿಲು

ನಮ್ಮ ಕಣ್ಣು ತೆರೆಸಿದ್ದು ಮಾಕಳಿಯ ಟೀ ಅಂಗಡಿಯವರು. "ಪರ್ಮನೆಂಟ್ ಕೇಳ್ಬೇಡಿ, ಆಕ್ಟಿಂಗ್ ಕೇಳಿ" ಅಂದರು. ಆಕ್ಟಿಂಗ್ ಅಂದರೆ ಖಾಯಂ ಡ್ರೈವರ್ ರಜೆ ಹಾಕಿದಾಗ ಅವರ ಬದಲಿಗೆ ಎರಡು ದಿನ, ನಾಲ್ಕು ದಿನ, ವಾರ ಗಾಡಿ ಓಡಿಸುವುದು. ದಿನಗೂಲಿ ಲೆಕ್ಕ. ಅವತ್ತವತ್ತೇ ದುಡ್ಡು.

ಇದು ಯಾಕೆ ಸುಲಭ? ಖಾಯಂ ಕೆಲಸಕ್ಕೆ ಓನರ್ ಹತ್ತು ಸಲ ಯೋಚಿಸುತ್ತಾರೆ. ಆದರೆ ಲೋಡ್ ತುಂಬಿ ನಿಂತ ಗಾಡಿಗೆ ಡ್ರೈವರ್ ಇಲ್ಲ ಅಂದರೆ ಆ ದಿನದ ಬಾಡಿಗೆ ಹೋಯಿತು, ಸರಕು ಕಳಿಸುವ ಪಾರ್ಟಿಯೂ ಕೈಬಿಡಬಹುದು. ಆಗ ಟೀ ಅಂಗಡಿಯವರು ತೋರಿಸಿದವರೇ ಸಾಕು. ನಾಲ್ಕು ದಿನ ಗಾಡಿ ಚೆನ್ನಾಗಿ ನೋಡಿಕೊಂಡರೆ ನೀವು "ಗೊತ್ತಿರುವ" ಡ್ರೈವರ್ ಆಗುತ್ತೀರಿ. ಖಾಯಂ ಜಾಗ ಖಾಲಿಯಾದಾಗ ಮೊದಲ ಫೋನ್ ನಿಮಗೆ ಬರುತ್ತದೆ.

ಇದಕ್ಕೂ ಕಾಲ ಇದೆ. ಯುಗಾದಿ, ಗೌರಿ ಗಣೇಶ, ದೀಪಾವಳಿ, ಊರ ಜಾತ್ರೆಗಳು, ಚುನಾವಣೆ. ಡ್ರೈವರ್‌ಗಳು ಊರಿಗೆ ಹೋಗುತ್ತಾರೆ, ಸರಕು ನಿಲ್ಲುವುದಿಲ್ಲ. ಯುಗಾದಿಯ ಮರುದಿನ ಹೊಸ ತೊಡಕು ಮುಗಿಸಿಯೇ ವಾಪಸ್ ಬರುವವರು ಎಷ್ಟು ಜನ ಇಲ್ಲ! ಆಯುಧ ಪೂಜೆಗೆ ಗಾಡಿ ತೊಳೆದು, ಪೂಜೆ ಮಾಡಿ, ಬೋನಸ್ ತೆಗೆದುಕೊಂಡು ಊರಿಗೆ ಹೋದವರು ಕೆಲವರು ಬರುವುದೇ ಇಲ್ಲ. ಆ ದಿನಗಳಲ್ಲಿ ಫೋನ್ ಆನ್ ಇಟ್ಟುಕೊಂಡು ಊರಲ್ಲೇ ಇರುವ ಹೊಸಬರಿಗೆ ಕೆಲಸ ಸಿಗುತ್ತದೆ.

ಎಲ್ಲಿ ಕೇಳಬೇಕು ಅಂದರೆ, ಟ್ರಾನ್ಸ್‌ಪೋರ್ಟ್ ಆಫೀಸಿನ ಒಳಗಿಗಿಂತ ಅದರ ಎದುರಿನ ಟೀ ಅಂಗಡಿ ಮೇಲು. ವೇಬ್ರಿಡ್ಜ್, ಟೈರ್ ಪಂಕ್ಚರ್ ಅಂಗಡಿ, ಗ್ಯಾರೇಜು, ಡೀಸೆಲ್ ಬಂಕು. ಯಾವ ಗಾಡಿ ಎರಡು ದಿನದಿಂದ ನಿಂತಿದೆ ಅನ್ನುವುದು ಅವರಿಗೇ ಮೊದಲು ಗೊತ್ತಾಗುವುದು. ಹಮಾಲಿಗಳನ್ನು ಮರೆಯಬೇಡಿ, ಹತ್ತು ಗಾಡಿಯ ಡ್ರೈವರ್‌ಗಳ ಗುಣ ಅವರಿಗೆ ಗೊತ್ತು. ನಿಮ್ಮ ಹೆಸರು, ಫೋನ್ ನಂಬರ್, ಯಾವ ಗಾಡಿ ಓಡಿಸುತ್ತೀರಿ ಅನ್ನುವುದನ್ನು ಚೀಟಿಯಲ್ಲಿ ಬರೆದು ಕೊಟ್ಟು ಬನ್ನಿ. ಫೋನಿನಲ್ಲಿ ಕೆಲಸ ಕೊಡುತ್ತೇವೆ, ಮೊದಲು ರಿಜಿಸ್ಟ್ರೇಶನ್ ಫೀಸು, ಯೂನಿಫಾರ್ಮ್ ಡೆಪಾಸಿಟ್ ಹಾಕಿ ಅಂದವರಿಗೆ ಒಂದು ರೂಪಾಯಿಯೂ ಹಾಕಬೇಡಿ. ಹಾಕಿ ಮೋಸ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಟ್ರಯಲ್‌ನಲ್ಲಿ ಏನು ನೋಡುತ್ತಾರೆ?

ಲೈನ್‌ನಲ್ಲಿ 11 ವರ್ಷ ಓಡಿಸಿದವರಿಗೂ ಬೆಂಗಳೂರಿನ ಟ್ರಯಲ್ ಸುಲಭ ಅಲ್ಲ. ಓನರ್ ವೇಗ ನೋಡುವುದಿಲ್ಲ. ಕಿರಿದಾದ ಓಣಿಯಲ್ಲಿ ರಿವರ್ಸ್ ಹಾಕಿಸುತ್ತಾರೆ, ಏರಿನಲ್ಲಿ ಲೋಡ್ ಗಾಡಿ ನಿಲ್ಲಿಸಿ ಹಿಂದೆ ಜಾರದಂತೆ ಎತ್ತಿಸುತ್ತಾರೆ. ಸ್ಟಾರ್ಟ್ ಮಾಡುವ ಮುಂಚೆ ಟೈರ್, ಆಯಿಲ್, ಲೈಟ್ ನೋಡುತ್ತೀರಾ ಅಂತ ಗಮನಿಸುತ್ತಾರೆ. ರೈಲ್ವೆ ಕೆಳಸೇತುವೆ ಬಂದಾಗ ಎತ್ತರದ ಬೋರ್ಡ್ ನೋಡುತ್ತೀರಾ, ಕೇಬಲ್, ಮರದ ಕೊಂಬೆ ನೋಡುತ್ತೀರಾ, ಇದೆಲ್ಲ ಲೆಕ್ಕಕ್ಕೆ ಬರುತ್ತದೆ.

ದಾರಿ ತಿಳಿದಿರುವುದೂ ಕೌಶಲವೇ. ಪೀಣ್ಯ ಮೇಲ್ಸೇತುವೆಯಲ್ಲಿ 2021ರ ಡಿಸೆಂಬರ್‌ನಲ್ಲಿ ಕೇಬಲ್ ದೋಷ ಕಂಡುಬಂದು, ಭಾರಿ ವಾಹನಗಳನ್ನು 2024ರ ಜುಲೈವರೆಗೆ ಬಿಡಲಿಲ್ಲ. ಎರಡೂವರೆ ವರ್ಷ ಲಾರಿಗಳೆಲ್ಲ ಗೊರಗುಂಟೆಪಾಳ್ಯದ ಕೆಳಗಿನ ರಸ್ತೆಯಲ್ಲೇ ತೆವಳಿದವು. ಮ್ಯಾಪ್ ಕಾರಿಗೆ ದಾರಿ ತೋರಿಸುತ್ತದೆ, ಲಾರಿಗೆ ಅಲ್ಲ. ಕೆಲಸ ಸಿಗುವ ಮುಂಚೆ ಒಂದು ವಾರ ಬೈಕಿನಲ್ಲಿ ಆರಿಸಿಕೊಂಡ ದಿಕ್ಕಿನ ರಸ್ತೆಗಳನ್ನೆಲ್ಲ ಸುತ್ತಿ ಬನ್ನಿ.

ಸಂಬಳದ ಮಾತು

ಲೈನ್‌ನಲ್ಲಿ ದುಡ್ಡು ಟ್ರಿಪ್ ಲೆಕ್ಕ. ಲೋಕಲ್‌ನಲ್ಲಿ ತಿಂಗಳ ಸಂಬಳ, ಮೇಲೆ ದಿನದ ಬಾಟಾ. ಬಾಟಾ ಅಂದರೆ ಊಟ ತಿಂಡಿ ಖರ್ಚಿಗೆ ಕೊಡುವುದು. ಸಂಬಳ ಎಷ್ಟು ಅಂತ ಮಾತ್ರ ಕೇಳಿ ಬಂದರೆ ಅರ್ಧವೇ ಗೊತ್ತಾದ ಹಾಗೆ. ಬಾಟಾ ಕೆಲಸ ಇದ್ದ ದಿನಕ್ಕೆ ಮಾತ್ರವಾ, ಗಾಡಿ ನಿಂತ ದಿನಕ್ಕೂ ಇದೆಯಾ? ವಾರದ ರಜೆಗೆ ಸಂಬಳ ಕಟ್ ಆಗುತ್ತದಾ? ಗೇಟಿನಲ್ಲಿ ಆರು ಗಂಟೆ ಕಾದರೆ ಅದು ಡ್ಯೂಟಿಯಾ? ಲೋಡ್ ಇಳಿಸಲು ಹಮಾಲಿ ಇರುತ್ತಾರಾ, ಡ್ರೈವರೇ ಇಳಿಸಬೇಕಾ? ನೋ ಪಾರ್ಕಿಂಗ್ ದಂಡ ಯಾರದು? ಕೊನೆಯದು ತುಂಬಾ ಮುಖ್ಯ. ಅಂಗಡಿ ಎದುರು ನಿಲ್ಲಿಸದೆ ಇಳಿಸಲು ಆಗುವುದಿಲ್ಲ, ನಿಲ್ಲಿಸಿದರೆ ಕ್ಯಾಮೆರಾ ಹಿಡಿಯುತ್ತದೆ. ಈ ಮಾತು ಮೊದಲೇ ಆಗಿರಬೇಕು.

ಅಡ್ವಾನ್ಸ್ ಬಗ್ಗೆ ಹುಷಾರಾಗಿರಿ. ಮನೆ ಅಡ್ವಾನ್ಸ್ ಕಟ್ಟಲು ಓನರ್ ಹತ್ತಿರವೇ ದೊಡ್ಡ ಮೊತ್ತ ಪಡೆದರೆ, ಅದು ತೀರುವವರೆಗೆ ಕೆಲಸ ಬಿಡುವ ಹಾಗಿಲ್ಲ. ಮೋಟಾರು ಸಾರಿಗೆ ಕಾರ್ಮಿಕರಿಗೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲಸ ಅನ್ನುವ ಲೆಕ್ಕ 1961ರ ಕಾಯ್ದೆಯಿಂದಲೇ ಬಂದದ್ದು. ಆದರೆ ಸಾಲ ಇರುವವರು ಗಂಟೆ ಎಣಿಸಲು ಆಗುವುದಿಲ್ಲ, ಅಲ್ವಾ?

ಆಪ್ ಮೂಲಕ ಗಾಡಿ ಓಡಿಸುವುದು ಇನ್ನೊಂದು ದಾರಿ. ಅಲ್ಲಿ ಪರಿಚಯ ಬೇಕಿಲ್ಲ, ದಾಖಲೆ ಸರಿ ಇದ್ದರೆ ಬೇಗ ಶುರು ಮಾಡಬಹುದು. ಆದರೆ ಗಾಡಿ ನಿಮ್ಮದಿರಬೇಕು, ಇಲ್ಲವೇ ಬಾಡಿಗೆಗೆ ತರಬೇಕು. ಸುಮ್ನೆ ಲೆಕ್ಕಕ್ಕೆ ಹೇಳುತ್ತೇನೆ. ದಿನಕ್ಕೆ 2,500 ರೂಪಾಯಿ ಬಂತು ಅಂದುಕೊಳ್ಳಿ. ಡೀಸೆಲ್ 900, ಗಾಡಿ ಬಾಡಿಗೆ 800, ಆಪ್ ಕಮಿಷನ್ 300 ಹೋದರೆ ಕೈಗೆ 500. ಸಂಬಳದ ಕೆಲಸದ ಜತೆ ಹೋಲಿಸಬೇಕಾದದ್ದು ಈ ಕೊನೆಯ ಅಂಕಿಯನ್ನು. ಸ್ವಂತ ಗಾಡಿ ಇದ್ದು ಊರಿಂದ ತರುವವರು ಇನ್ನೊಂದು ನೆನಪಿಡಿ: 12 ತಿಂಗಳಿಗಿಂತ ಹೆಚ್ಚು ಇಲ್ಲೇ ಇಟ್ಟುಕೊಳ್ಳುವುದಾದರೆ ಹಳೇ ಆರ್‌ಟಿಓದಿಂದ ಎನ್‌ಓಸಿ (ನಿರಾಕ್ಷೇಪಣಾ ಪತ್ರ) ತಂದು ಕೆಎ ನಂಬರ್ ಮಾಡಿಸಬೇಕು.

ಗಾಡಿ ಹತ್ತುವ ಮುಂಚೆ ಕೈಯಲ್ಲಿರಬೇಕಾದ್ದು

ಲೋಕಲ್ ಅಂದ ಮಾತ್ರಕ್ಕೆ ಬಿಲ್ ಬೇಡ ಅಂತಲ್ಲ. ಸರಕಿನ ಬೆಲೆ 50,000 ರೂಪಾಯಿ ದಾಟಿದರೆ ಇ-ವೇ ಬಿಲ್, ಅಂದರೆ ಜಿಎಸ್‌ಟಿ ಲೆಕ್ಕದ ಆನ್‌ಲೈನ್ ಸಾಗಣೆ ಬಿಲ್ ಬೇಕು, ರಾಜ್ಯದ ಒಳಗಿನ ಸಾಗಣೆಗೂ. ರಾಜ್ಯದೊಳಗಿನ ಇ-ವೇ ಬಿಲ್ ಮೊದಲು ಜಾರಿಯಾದದ್ದೇ ಕರ್ನಾಟಕದಲ್ಲಿ, 2018ರ ಏಪ್ರಿಲ್ 1ರಿಂದ. 200 ಕಿಲೋಮೀಟರ್‌ವರೆಗಿನ ದೂರಕ್ಕೆ ಅದರ ಆಯಸ್ಸು ಒಂದು ದಿನ. ಬಿಲ್ಲಿನಲ್ಲಿರುವ ಗಾಡಿ ನಂಬರ್ ನೀವು ಓಡಿಸುವ ಗಾಡಿಯದೇನಾ ನೋಡಿಕೊಳ್ಳಿ. ಕೊನೇ ಗಳಿಗೆಯಲ್ಲಿ ಗಾಡಿ ಬದಲಾಯಿಸಿ ಬಿಲ್ ಬದಲಾಯಿಸದೇ ಕಳಿಸುವುದು ನಡೆಯುತ್ತಿರುತ್ತದೆ.

ಓವರ್‌ಲೋಡ್‌ಗೆ ಕೇಂದ್ರ ಕಾಯ್ದೆಯಲ್ಲಿ ದಂಡ 20,000 ರೂಪಾಯಿ, ಜತೆಗೆ ಹೆಚ್ಚಿನ ಪ್ರತಿ ಟನ್ನಿಗೆ 2,000. ಓಡಿಸುವವರೂ ಓಡಿಸಲು ಹೇಳಿದವರೂ ಇಬ್ಬರೂ ಹೊಣೆ. ಎಂ-ಸ್ಯಾಂಡ್, ಜಲ್ಲಿ ಟಿಪ್ಪರ್ ಕೆಲಸಕ್ಕೆ ಸೇರುವವರು ತೂಕದ ಚೀಟಿ ಕೇಳಿ ತೆಗೆದುಕೊಳ್ಳುವ ಅಭ್ಯಾಸ ಮಾಡಿಕೊಳ್ಳಿ.

ಹಳೇ ಕಂಪನಿಯಲ್ಲಿ ಪಿಎಫ್ ಇದ್ದರೆ ಅದರ ಖಾತೆಯ ಯುಎಎನ್ ನಂಬರ್ ಬದಲಾಗುವುದಿಲ್ಲ. ಹೊಸ ಕಡೆ ಅದೇ ನಂಬರ್ ಕೊಡಿ. ಸಂಬಳ 21,000 ರೂಪಾಯಿವರೆಗಿದ್ದು, ಸಂಸ್ಥೆಯಲ್ಲಿ 10 ಅಥವಾ ಹೆಚ್ಚು ಜನ ಇದ್ದರೆ ಇಎಸ್ಐ (ಕಾರ್ಮಿಕರ ಸರ್ಕಾರಿ ಆರೋಗ್ಯ ವಿಮೆ) ಬರುತ್ತದೆ, ಮನೆಯವರಿಗೂ ಚಿಕಿತ್ಸೆ ಸಿಗುತ್ತದೆ. ಒಂದೆರಡು ಗಾಡಿಯ ಓನರ್ ಹತ್ತಿರ ಇದೆಲ್ಲ ಇರುವುದಿಲ್ಲ. ಅಂಥ ಕಡೆ ದುಡಿಯುವ ಡ್ರೈವರ್‌ಗಳು ಅಸಂಘಟಿತ ಕಾರ್ಮಿಕರ ಇ-ಶ್ರಮ್ ಕಾರ್ಡ್ ಮಾಡಿಸಿ, ಕಾರ್ಮಿಕ ಇಲಾಖೆಯಲ್ಲಿ ಖಾಸಗಿ ವಾಣಿಜ್ಯ ವಾಹನ ಚಾಲಕರ ಅಪಘಾತ ಪರಿಹಾರ ಯೋಜನೆ ಬಗ್ಗೆ ಲೈಸೆನ್ಸ್ ಸಮೇತ ಹೋಗಿ ವಿಚಾರಿಸಿ. ರೇಷನ್ ಕಾರ್ಡ್ ಹಳೇ ರಾಜ್ಯದ್ದೇ ಆಗಿದ್ದರೂ ಒಂದು ದೇಶ ಒಂದು ರೇಷನ್ ಕಾರ್ಡ್ ವ್ಯವಸ್ಥೆಯಲ್ಲಿ ಕೇಂದ್ರದ ಪಾಲಿನ ಧಾನ್ಯ ಇಲ್ಲೇ ಪಡೆಯಬಹುದು.

ನಮ್ಮ ಮಹಡಿಯವರಿಗೆ ಆ ವರ್ಷದ ಯುಗಾದಿಯ ಹಿಂದಿನ ರಾತ್ರಿ 11 ಗಂಟೆಗೆ ಫೋನ್ ಬಂತು. ಟೀ ಅಂಗಡಿಯವರದು. ದಾಸನಪುರದಲ್ಲಿ ಈರುಳ್ಳಿ ತುಂಬಿದ ಒಂದು ಕ್ಯಾಂಟರ್ ಡ್ರೈವರ್ ಇಲ್ಲದೆ ನಿಂತಿತ್ತು. ಒಬ್ಬಟ್ಟಿನ ಹೂರಣ ಒಲೆ ಮೇಲಿರುವಾಗಲೇ ಬೈಕ್ ಹತ್ತಿ ಹೊರಟರು. ಐದು ದಿನ ಆಕ್ಟಿಂಗ್ ಮಾಡಿದರು. ಆ ಗಾಡಿಯ ಡ್ರೈವರ್ ವಾಪಸ್ ಬಂದರು, ಆದರೆ ಓನರ್ ತಮ್ಮ ಭಾವನ ಇನ್ನೊಂದು ಕ್ಯಾಂಟರ್‌ಗೆ ಇವರ ಹೆಸರು ಹೇಳಿದರು. ಈಗ ಬೆಳಗಿನ ಜಾವ 3ಕ್ಕೆ ಹೊರಟು ಮಧ್ಯಾಹ್ನ 1ರ ಒಳಗೆ ಮನೆ. ಶಾಲೆಯಿಂದ ಮಗಳನ್ನು ಕರೆದುಕೊಂಡು ಬರುವುದು ಅವರೇ.